ಎಳೆ ಕೂಸಿಂದ ಐದು ವರ್ಷದ ತನಕ: ಮಕ್ಕಳಿಗೆ ಪುಸ್ತಕ ಆರಿಸೋದು ಹೇಗೆ

ನಮ್ಮ ಅಕ್ಕನ ಮಗಳು ಬಾಣಂತನಕ್ಕೆ ಅಂತ ಚಿಕ್ಕಮಗಳೂರಿಗೆ ಬಂದಿದಾಳೆ. ನಾಮಕರಣಕ್ಕೆ ಬಂದೋರು ಬೆಳ್ಳಿ ಲೋಟ, ಫ್ರಾಕು, ತೊಟ್ಟಿಲ ಸೊಳ್ಳೆಪರದೆ ಎಲ್ಲಾ ತಂದಿದ್ರು, ಯಾರೋ ಒಬ್ರು ಮಾತ್ರ ಪ್ರೀತಿಯಿಂದ ನಾನೂರು ಪುಟದ ಸಾಮಾನ್ಯ ಜ್ಞಾನದ ಪುಸ್ತಕ ಕೊಟ್ಟು ಹೋಗಿದ್ರು. ಅವಳು ಅದನ್ನ ಕೈಯಲ್ಲಿ ಹಿಡ್ಕೊಂಡು "ಚಿಕ್ಕಮ್ಮ, ಇದು ಓದೋ ಹೊತ್ತಿಗೆ ಇವ್ನು ಹೈಸ್ಕೂಲಿಗೆ ಬಂದಿರ್ತಾನೆ, ಈಗ ಏನು ತರ್ಲಿ ಹೇಳಿ, ನಿಮ್ಮನೇಲಿ ಇಬ್ರೂ ಪುಸ್ತಕ ಬಿಟ್ಟು ಇರಲ್ವಲ್ಲ" ಅಂದ್ಲು. ನಮ್ಮ ಮಗನಿಗೆ ಈಗ ನಾಲ್ಕೂವರೆ, ಮಗಳಿಗೆ ಹದಿನಾಲ್ಕು ತಿಂಗಳು, ಈ ನಾಲ್ಕೂವರೆ ವರ್ಷದಲ್ಲಿ ತಂದು ಉಪಯೋಗಕ್ಕೆ ಬಂದಿದ್ದು ಬರದೇ ಇದ್ದಿದ್ದು ಎರಡೂ ಸಾಕಷ್ಟಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೀತಿದೀನಿ.

ಮೊದಲನೇ ಹೆಜ್ಜೆ: ಅಂಗಡಿಗೆ ಹೋಗೋ ಮುಂಚೆ ಮಗೂನ ನೋಡಿ

ಪುಸ್ತಕದ ಹಿಂದೆ "3+" "5+" ಅಂತ ಹಾಕಿರ್ತಾರೆ, ಅದು ಒಂದು ಅಂದಾಜು ಅಷ್ಟೇ. ನಿಮ್ಮ ಮಗು ಈ ವಾರ ಏನ್ ಮಾಡ್ತಿದೆ ಅನ್ನೋದು ಮುಖ್ಯ. ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕ್ತಿದ್ಯಾ, ಬೆರಳು ತೋರಿಸ್ತಿದ್ಯಾ, ಕಂಡಿದ್ದಕ್ಕೆಲ್ಲಾ "ಇದೇನು" ಅಂತಿದ್ಯಾ, ಬಾಗಿಲು ಡಬ್ಬಿ ಎಲ್ಲಾ ತೆಗೆದು ಹಾಕಿ ತೆಗೆದು ಹಾಕಿ ಮಾಡ್ತಿದ್ಯಾ, ರಾತ್ರಿ ಕತ್ತಲೆಗೆ ಹೆದರ್ತಿದ್ಯಾ, ಇದನ್ನ ಎರಡು ದಿನ ಸುಮ್ನೆ ಗಮನಿಸಿ. ಅದಕ್ಕೆ ಹೊಂದೋ ಪುಸ್ತಕ ತಗೊಳ್ಳಿ. ಮುಂದಿನ ವರ್ಷ ಎಲ್‌ಕೆಜಿ ಇಂಟರ್‌ವ್ಯೂನಲ್ಲಿ ಏನ್ ಕೇಳ್ತಾರೋ ಅಂತ ಯೋಚ್ನೆ ಮಾಡಿ ತಂದ ಪುಸ್ತಕ ನಮ್ಮನೇಲಿ ಒಂದೂ ಸವೆದಿಲ್ಲ, ಹೊಸದರ ಥರಾನೇ ಇದೆ. ಮಗು ಇವತ್ತು ಇರೋ ಜಾಗಕ್ಕೆ ಪುಸ್ತಕ ಬರ್ಬೇಕು, ನನ್ನ ಇಷ್ಟೂ ಮಾತಿನ ಬೇರು ಇದೇ.

ಎರಡನೇ ಹೆಜ್ಜೆ: ಹುಟ್ಟಿದಾಗಿಂದ ಆರು ತಿಂಗಳು, ಇಲ್ಲಿ ದುಡ್ಡು ಖರ್ಚು ಮಾಡೋದೇ ಬೇಡ

ಎಳೆ ಕೂಸಿಗೆ ಸರಿಯಾಗಿ ಕಾಣೋದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ. ಅಂದ್ರೆ ಹಾಲು ಕುಡಿಸುವಾಗ ಅಮ್ಮನ ಮುಖ ಎಷ್ಟು ದೂರ ಇರುತ್ತೋ ಅಷ್ಟು. ತಿಳಿ ಗುಲಾಬಿ ತಿಳಿ ನೀಲಿ ಬಣ್ಣದ ಮುದ್ದಾದ ಪುಸ್ತಕ ನಮಗೆ ಚೆಂದ ಕಾಣುತ್ತೆ, ಆದ್ರೆ ಮೊದಲ ತಿಂಗಳುಗಳಲ್ಲಿ ಮಗುವಿಗೆ ಅದೆಲ್ಲಾ ಮಸುಕು, ಕಣ್ಣು ನಿಲ್ಲೋದು ಕಪ್ಪು ಬಿಳುಪಿನ ದಪ್ಪ ಗೆರೆಗಳ ಮೇಲೆ, ಮತ್ತೆ ಮುಖಗಳ ಮೇಲೆ. ಬಣ್ಣ ಚೆನ್ನಾಗಿ ಕಾಣೋಕೆ ನಾಲ್ಕೈದು ತಿಂಗಳಾದ್ರೂ ಆಗ್ಬೇಕು.

ಅದಕ್ಕೇ ನಾನು ಮಗಳಿಗೆ ಏನೂ ಕೊಳ್ಳಲಿಲ್ಲ. ಬಿಳಿ ಡ್ರಾಯಿಂಗ್ ಶೀಟ್ ಮಡಚಿ ಕಪ್ಪು ಮಾರ್ಕರಲ್ಲಿ ಒಂದೊಂದು ಪುಟಕ್ಕೆ ಒಂದೊಂದೇ ಚಿತ್ರ ಬರೆದೆ, ಒಂದು ಕಡೆ ನಾಲ್ಕು ಎಳೆಯ ರಂಗೋಲಿ, ಒಂದು ಕಡೆ ಕೊಡೆ, ಒಂದು ಕಡೆ ಎರಡು ಕಣ್ಣು ಒಂದು ಬಾಯಿ ಇರೋ ದುಂಡು ಮುಖ. ಎಣ್ಣೆ ಹಚ್ಚಿ ಎಳೆ ಬಿಸಿಲಿಗೆ ಮಲಗಿಸಿದಾಗ ಪಕ್ಕಕ್ಕೆ ನಿಲ್ಲಿಸ್ತಿದ್ವಿ. ರಂಗೋಲಿ ಪುಟ ನೋಡ್ತಾ ನೋಡ್ತಾ ಕಾಲು ಆಡಿಸೋದು ನಿಂತು ಹೋಗ್ತಿತ್ತು, ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು ಮತ್ತೆ ಒದೆಯೋಕೆ ಶುರು ಮಾಡ್ತಿದ್ಲು.

ಇಷ್ಟು ಸಣ್ಣ ಮಗುವಿಗೆ ಏನು ಓದೋದು ಅಂತ ಕೇಳ್ತಾರೆ. ಏನ್ ಬೇಕಾದ್ರೂ ಓದಿ. ನಮ್ಮ ಮಾವ ಪೇಪರಲ್ಲಿ ಕಾಫಿ ಮೆಣಸಿನ ರೇಟು ಓದಿ ಹೇಳೋರು, ಅವರ ದನಿಗೆ ಮಗು ತಿರುಗಿ ನೋಡೋದು. ಈ ವಯಸ್ಸಲ್ಲಿ ಮಗುವಿಗೆ ಬೇಕಾಗಿರೋದು ದನಿ, ಮಡಿಲು, ಮಾತಿನ ಏರಿಳಿತ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ 2014ರಲ್ಲಿ ಎಳೆ ಕೂಸು ಇರುವಾಗ್ಲೇ ಗಟ್ಟಿಯಾಗಿ ಓದಿ ಹೇಳೋಕೆ ಶುರು ಮಾಡಿ ಅಂತ ತಂದೆತಾಯಿಗಳಿಗೆ ಹೇಳ್ಬೇಕು ಅಂತ ಡಾಕ್ಟರುಗಳಿಗೆ ಸೂಚನೆ ಕೊಟ್ಟಿತ್ತು. ಜೋಗುಳ ಬರೋರು ಜೋಗುಳ ಹಾಡಿ, ಅದೂ ಇದೇ ಲೆಕ್ಕ.

ಮೂರನೇ ಹೆಜ್ಜೆ: ಆರರಿಂದ ಹದಿನೆಂಟು ತಿಂಗಳು, ಪುಸ್ತಕ ಬಾಯಿಗೆ ಹೋಗುತ್ತೆ ಅಂತ ತಿಳ್ಕೊಂಡೇ ತಗೊಳ್ಳಿ

ಈ ವಯಸ್ಸಲ್ಲಿ ಪುಸ್ತಕ ಕಚ್ಚೋದು, ಎಳೆಯೋದು, ಎಸೆಯೋದು ಎಲ್ಲಾ ಮಗು ಪುಸ್ತಕದ ಪರಿಚಯ ಮಾಡ್ಕೊಳ್ತಿರೋ ರೀತಿ. ಬೈದು ಕಿತ್ಕೊಂಡ್ರೆ ಪುಸ್ತಕ ಅಂದ್ರೆ ಮುಟ್ಟಬಾರದ ಸಾಮಾನು ಅಂತ ಆಗ್ಬಿಡುತ್ತೆ. ಅದರ ಬದಲು ಕಚ್ಚಿದ್ರೂ ತಡ್ಕೊಳ್ಳೋ ಪುಸ್ತಕ ತನ್ನಿ, ಅಂದ್ರೆ ದಪ್ಪ ರಟ್ಟಿನ ಬೋರ್ಡ್ ಬುಕ್, ಇಲ್ಲಾ ಬಟ್ಟೆ ಪುಸ್ತಕ.

ಅಂಗಡೀಲಿ ಬೋರ್ಡ್ ಬುಕ್ ಕೈಗೆ ತಗೊಂಡಾಗ ನಾನು ಮಾಡೋದು ಹೀಗೆ. ಮೊದಲು ಮೂಲೆ ಮುಟ್ಟಿ ನೋಡ್ತೀನಿ, ಗುಂಡಗಿರ್ಬೇಕು, ಕೆನ್ನೆಗೆ ಒತ್ತಿಕೊಂಡು ನೋಡಿ ಚುಚ್ಚಿದ್ರೆ ಬೇಡ. ಆಮೇಲೆ ಮಧ್ಯಕ್ಕೆ ತೆಗೆದು ನೋಡ್ತೀನಿ, ಪಿನ್ ಹೊಡೆದಿರೋ ಪುಸ್ತಕ ಎರಡು ವರ್ಷದ ಒಳಗಿನ ಮಗುವಿನ ಕೈಗೆ ಕೊಡೋದೇ ಇಲ್ಲ, ಎಳೆದು ಎಳೆದು ಪಿನ್ ಈಚೆಗೆ ಬರುತ್ತೆ. ಮೂಸಿ ನೋಡ್ತೀನಿ, ಇಂಕಿನ ಘಾಟು ಜೋರಾಗಿದ್ರೆ ಅಲ್ಲೇ ಇಡ್ತೀನಿ. ಒದ್ದೆ ಬೆರಳಲ್ಲಿ ಚಿತ್ರ ಉಜ್ಜಿ ನೋಡ್ತೀನಿ, ಬಣ್ಣ ಬೆರಳಿಗೆ ಬಂದ್ರೆ ಅದು ನಾಳೆ ಮಗುವಿನ ನಾಲಿಗೆಗೂ ಬರುತ್ತೆ. ಅಂಟಿಸಿರೋ ಕಣ್ಣು, ಮಣಿ, ಗುಂಡಿ, ರಿಬ್ಬನ್ ಇದ್ರೆ ಎಳೆದು ನೋಡ್ಬೇಕು, ಮೂರು ಸೆಂಟಿಮೀಟರಿಗಿಂತ ಸಣ್ಣದು ಯಾವುದೂ ಕಿತ್ತು ಬರೋ ಹಾಗಿರಬಾರದು, ಗಂಟಲಲ್ಲಿ ಸಿಕ್ಕಿ ಹಾಕ್ಕೊಳ್ಳೋದು ಅಂಥದ್ದೇ. ಅಂಗಡಿಯವರು ಏನ್ ಅನ್ಕೊಳ್ತಾರೋ ಅಂತ ಸಂಕೋಚ ಬೇಡ. ತರಕಾರಿ ಮುರಿದು ನೋಡಿ ತಗೊಳ್ಳಲ್ವಾ, ಹಾಗೇ.

ಒಂದು ವಿಷಯ ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ. ಗುಂಡಿ ಒತ್ತಿದ್ರೆ ಹಸು ಅಂಬಾ ಅನ್ನೋ, ಹಾಡು ಬರೋ ಸೌಂಡ್ ಬುಕ್ಕುಗಳು ಬರುತ್ತಲ್ಲ. ಮಗನಿಗೆ ಒಂದೂವರೆ ವರ್ಷ ಇದ್ದಾಗ ಜಾತ್ರೇಲಿ ಅಂಥದ್ದೊಂದು ತಗೊಂಡಿದ್ವಿ. ಮೂರನೇ ದಿನ ನಾನು ಅಡುಗೆಮನೇಲಿ ಅಕ್ಕಿ ರೊಟ್ಟಿ ತಟ್ತಾ ಇದ್ದೆ, ಹಸುವಿನ ದನಿ ಅರ್ಧಕ್ಕೆ ನಿಂತು ಹೋಯ್ತು. ಯಾಕೋ ಅನ್ಸಿ ಬಂದು ನೋಡಿದ್ರೆ ಹಿಂದಿನ ಮುಚ್ಚಳ ಬಿಚ್ಚಿಕೊಂಡಿದೆ, ಮೂರು ಬಟನ್ ಸೆಲ್ಲಲ್ಲಿ ಎರಡು ಚಾಪೆ ಮೇಲಿದೆ, ಮೂರನೇದು ಅವನ ಮುಷ್ಟೀಲಿದೆ. ಬಾಯಿಗೆ ಹೋಗಿರಲಿಲ್ಲ, ದೇವರು ದೊಡ್ಡವನು. ಆಮೇಲೆ ಮಕ್ಕಳ ಡಾಕ್ಟರ್ ಹೇಳಿದ್ರು, ಆ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೇಲಿ ಒಳಗೆ ಸುಟ್ಟು ಗಾಯ ಆಗೋಕೆ ಶುರುವಾಗುತ್ತಂತೆ, ವಾಂತಿ ಮಾಡಿಸೋಕೆ ಹೋಗಬಾರದು, ಬಾಳೆಹಣ್ಣು ತಿನ್ನಿಸಿ ಇಳಿಸ್ತೀನಿ ಅನ್ನಬಾರದು, ಎಕ್ಸ್‌ರೇ ಇರೋ ಆಸ್ಪತ್ರೆಗೆ ಆ ಕ್ಷಣವೇ ಓಡ್ಬೇಕು. ಅದಕ್ಕೇ ಮೂರು ವರ್ಷದ ಒಳಗೆ ಸೆಲ್ ಹಾಕೋ ಪುಸ್ತಕ ಬೇಡವೇ ಬೇಡ. ಯಾರಾದ್ರೂ ಉಡುಗೊರೆ ಕೊಟ್ಟಿದ್ರೆ ಮುಚ್ಚಳಕ್ಕೆ ಸ್ಕ್ರೂ ಇದ್ಯಾ ನೋಡಿ, ಇಲ್ಲಾಂದ್ರೆ ಸೆಲ್ ತೆಗೆದು ಬರೀ ಪುಸ್ತಕ ಕೊಡಿ, ಹಸುವಿನ ದನಿ ನಾವೇ ಮಾಡಿದ್ರೆ ಆಯ್ತು.

ನಾಲ್ಕನೇ ಹೆಜ್ಜೆ: ಬೆರಳು ತೋರಿಸೋ ವಯಸ್ಸಿಗೆ ನಮ್ಮೂರಿನ ಚಿತ್ರ

ಒಂದು ವರ್ಷದ ಆಸುಪಾಸಲ್ಲಿ ಮಗು ಬೆರಳು ತೋರಿಸೋಕೆ ಶುರು ಮಾಡುತ್ತೆ, ಒಂದೂವರೆ ಎರಡು ವರ್ಷದಲ್ಲಿ ಮಾತು ಮಳೆ ಹಿಡಿದ ಹಾಗೆ ಬರುತ್ತೆ. ಈಗ ಬೇಕಾಗಿರೋದು ಒಂದು ಪುಟಕ್ಕೆ ಒಂದೋ ಎರಡೋ ದೊಡ್ಡ ಚಿತ್ರ, ಹಿಂದೆ ಖಾಲಿ ಜಾಗ. ಒಂದೇ ಪುಟದಲ್ಲಿ ಮೂವತ್ತು ಹಣ್ಣು ಮೂವತ್ತು ಪ್ರಾಣಿ ಅಂಚೆ ಸ್ಟಾಂಪ್ ಥರ ತುಂಬಿರೋ ಪುಸ್ತಕ ದುಡ್ಡಿಗೆ ಲಾಭ ಅನ್ಸುತ್ತೆ, ಮಗುವಿನ ಕಣ್ಣಿಗೆ ಎಲ್ಲಿ ನಿಲ್ಲೋದು ಗೊತ್ತಾಗಲ್ಲ.

ಚಿತ್ರ ಯಾವುದರದ್ದು ಅನ್ನೋದೂ ನೋಡಿ. ಇಗ್ಲೂ, ಸ್ಟ್ರಾಬೆರಿ, ಹಿಮದ ಮನುಷ್ಯ ಇವನ್ನೆಲ್ಲಾ ಆಮೇಲೆ ನೋಡ್ಲಿ, ಬೇಡ ಅಂತಲ್ಲ. ಆದ್ರೆ ಪುಸ್ತಕದಲ್ಲಿ ಕಾಗೆ ನೋಡಿ ಅಂಗಳಕ್ಕೆ ಬಂದ್ರೆ ಅಲ್ಲೂ ಕಾಗೆ ಕೂತಿರುತ್ತಲ್ಲ, ಆಗ ಮಗುವಿನ ಮುಖ ನೋಡ್ಬೇಕು ನೀವು. ನಮ್ಮ ಮಗಳು ಹೋದ ತಿಂಗಳು ಪುಸ್ತಕದ ಕಾಗೆ ಮೇಲೆ ಬೆರಳಿಟ್ಲು, ಕಿಟಕಿ ಕಡೆ ತಿರುಗಿದ್ಲು, ಮತ್ತೆ ಪುಸ್ತಕ ನೋಡಿದ್ಲು, "ಕಾ" ಅಂದ್ಲು. ಅವಳ ಅಜ್ಜಿ ಕಣ್ಣಲ್ಲಿ ನೀರು ಬಂತು.

ನಮ್ಮ ಕಡೆ ಮಕ್ಕಳು ದಿನಾ ನೋಡೋ ಕಾಫಿ ಹಣ್ಣು, ಮೆಣಸಿನ ಬಳ್ಳಿ, ಉಂಬಳ, ಕಂಬಳಿ ಕೊಪ್ಪೆ, ಕಡುಬು ಇದೆಲ್ಲಾ ಅಂಗಡಿ ಪುಸ್ತಕದಲ್ಲಿ ಸಿಗೋದು ಕಷ್ಟ, ಅದಕ್ಕೆ ನೀವೇ ಒಂದು ಮಾಡಿ, ನಮ್ಮನೇಲಿ ಅತಿ ಹೆಚ್ಚು ಓದಿರೋ ಪುಸ್ತಕ ಅದೇ. ಮೊಬೈಲಲ್ಲಿ ಹನ್ನೆರಡು ಫೋಟೋ ತೆಗೀರಿ, ಅಜ್ಜಿ, ಅಜ್ಜ, ಮನೆ ನಾಯಿ, ಬಚ್ಚಲ ಒಲೆ, ತೋಟದ ಜೀಪು, ಮಗುವಿನದೇ ತಟ್ಟೆ, ಹೀಗೆ. ಸ್ಟುಡಿಯೋದಲ್ಲಿ ಮಾಮೂಲಿ ಪೋಸ್ಟ್‌ಕಾರ್ಡ್ ಸೈಜಿಗೆ ಪ್ರಿಂಟ್ ಹಾಕ್ಸಿ, ಎರಡೆರಡು ಫೋಟೋ ಬೆನ್ನಿಗೆ ಬೆನ್ನು ಅಂಟಿಸಿ ಲ್ಯಾಮಿನೇಷನ್ ಮಾಡ್ಸಿ. ಲ್ಯಾಮಿನೇಷನ್ ಮೂಲೆ ಬ್ಲೇಡಿನ ಥರ ಇರುತ್ತೆ, ಮರೀದೆ ಕತ್ತರೀಲಿ ಗುಂಡಗೆ ಕತ್ತರಿಸಿ. ಒಂದು ಕಡೆ ತೂತು ಹೊಡೆದು ದಪ್ಪ ಹತ್ತಿ ದಾರ ಹಾಕಿ ಬಿಗಿಯಾಗಿ ಗಂಟು ಹಾಕಿ, ಬಾಲ ಉದ್ದ ಬಿಡಬೇಡಿ. ಅಷ್ಟೇ, ಪುಸ್ತಕ ರೆಡಿ. ದೂರದಲ್ಲಿರೋ ಅತ್ತೆ ಮಾವಂದಿರ ಫೋಟೋನೂ ಸೇರಿಸಿ, ಮುಂದಿನ ಸಲ ಊರಿಗೆ ಬಂದಾಗ ಮಗು ಅವರನ್ನ ನೋಡಿ ಅಳಲ್ಲ.

ಐದನೇ ಹೆಜ್ಜೆ: ಎರಡರಿಂದ ಮೂರು ವರ್ಷ, ಅಂಗಡೀಲೇ ಗಟ್ಟಿಯಾಗಿ ಒಂದು ಪುಟ ಓದಿ

ಈಗ ಸಣ್ಣ ಸಣ್ಣ ಕಥೆ ಹಿಡಿಸುತ್ತೆ. ದೊಡ್ಡ ಘಟನೆ ಬೇಡ, ಚಪ್ಪಲಿ ಕಳೆದುಹೋಯ್ತು, ಬೆಕ್ಕು ಹಾಲು ಕುಡೀತು, ಅಮ್ಮ ಸ್ನಾನಕ್ಕೆ ಕರೆದ್ಲು ಮಗು ಓಡ್ತು, ಇಷ್ಟು ಸಾಕು. ಒಂದೇ ಸಾಲು ಮತ್ತೆ ಮತ್ತೆ ಬರೋ ಕಥೆ ಹುಡುಕಿ, ಮೂರನೇ ಸಲಕ್ಕೆ ಮಗು ತಾನೇ ಆ ಸಾಲು ಹೇಳುತ್ತೆ. ಒಂದೇ ಪುಸ್ತಕ ಇಪ್ಪತ್ತು ಸಲ ಓದು ಅಂತ ಹಟ ಮಾಡಿದ್ರೆ ಓದಿ, ಮುಂದೇನು ಬರುತ್ತೆ ಅಂತ ಗೊತ್ತಿರೋದೇ ಅವರಿಗೆ ಖುಷಿ, ಅದರಲ್ಲೇ ಮಾತು ಕೂರೋದು.

ಇಲ್ಲಿ ಭಾಷೆ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು. ಕನ್ನಡದಲ್ಲಿ ದನಿ ಪದಗಳು ಎಷ್ಟೊಂದಿವೆ ನೋಡಿ, ಮಳೆ ಜಿಟಿಜಿಟಿ, ಮಾಡಿನ ನೀರು ತೊಟ್‌ತೊಟ್, ಒಲೆ ಚಟಪಟ, ಹಾವು ಸರಸರ, ಇಲಿ ಕಟಕಟ, ಅಜ್ಜ ಗೊರಗೊರ. ಎರಡು ವರ್ಷದ ಮಗುವಿಗೆ ಇವು ಮಿಠಾಯಿ ಇದ್ದ ಹಾಗೆ. ಒಳ್ಳೇ ಮಕ್ಕಳ ಪುಸ್ತಕ ಬರೆಯೋರಿಗೆ ಇದು ಗೊತ್ತಿರುತ್ತೆ. ಬೇರೆ ಭಾಷೆಯಿಂದ ಪದಕ್ಕೆ ಪದ ಇಳಿಸಿರೋ ಪುಸ್ತಕದಲ್ಲಿ "ಮೊಲವು ಅತ್ಯಂತ ಸಂತೋಷಭರಿತವಾಗಿ ಜಿಗಿಯಲಾರಂಭಿಸಿತು" ಅಂತ ಇರುತ್ತೆ, ಓದೋ ನಮಗೇ ಉಸಿರು ಕಟ್ಟುತ್ತೆ, ಮಗು ಎದ್ದು ಹೋಗುತ್ತೆ. ಅದಕ್ಕೇ ಅಂಗಡೀಲಿ ನಿಂತು ಮಧ್ಯದ ಒಂದು ಪುಟ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ್ರೆ, ಒತ್ತಕ್ಷರದ ಮೇಲೆ ಒತ್ತಕ್ಷರ ಬಂದ್ರೆ, ನಿಮ್ಮ ಮನೇಲಿ ಯಾರೂ ಹಾಗೆ ಮಾತಾಡಲ್ಲ ಅನ್ಸಿದ್ರೆ ವಾಪಸ್ ಇಡಿ. ಚಿತ್ರ ತುಂಬಾ ಚೆನ್ನಾಗಿದ್ದು ಭಾಷೆ ಮಾತ್ರ ಗ್ರಂಥದ್ದಾಗಿದ್ರೆ ತಗೊಳ್ಳಿ, ಓದುವಾಗ ನಿಮ್ಮ ಮಾತಿಗೆ ತಿರುಗಿಸಿಕೊಂಡು ಹೇಳಿ, ಬರೆದಿದ್ದನ್ನ ಹಾಗೇ ಒಪ್ಪಿಸ್ಬೇಕು ಅಂತ ಯಾವ ಕಾನೂನೂ ಇಲ್ಲ. ಮನೇಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಉರ್ದುವೋ ಮಾತಾಡೋರು ಚಿತ್ರ ತೋರಿಸಿ ಆ ಮಾತಲ್ಲೇ ಹೇಳಿ.

ಮಾತೇ ಇಲ್ಲದ, ಬರೀ ಚಿತ್ರದಲ್ಲೇ ಕಥೆ ಇರೋ ಪುಸ್ತಕಗಳೂ ಸಿಗುತ್ತೆ. ಓದೋಕೆ ಬರದ ಅಜ್ಜಿ ಅಜ್ಜಂದಿರು ಇರೋ ಮನೆಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ನಮ್ಮ ಅತ್ತೆ ಹತ್ರ ಒಂದೇ ಪುಸ್ತಕಕ್ಕೆ ದಿನಕ್ಕೊಂದು ಕಥೆ ಹುಟ್ಟುತ್ತೆ.

ಆರನೇ ಹೆಜ್ಜೆ: ಮೂರರಿಂದ ಐದು, ಕಥೆ ಮತ್ತೆ ಪ್ರಶ್ನೆ

ಅಂಗನವಾಡಿಗೋ ನರ್ಸರಿಗೋ ಹೋಗೋ ಮಗುವಿಗೆ ಆರಂಭ, ಗಡಿಬಿಡಿ, ಮುಗಿಯೋದು ಇರೋ ನಿಜವಾದ ಕಥೆ ಬೇಕು. ಸಿಟ್ಟು, ಹೆದರಿಕೆ, ತಂಗಿ ಹುಟ್ಟಿದಾಗಿನ ಹೊಟ್ಟೆಕಿಚ್ಚು, ಇವೆಲ್ಲಾ ಇರೋ ಕಥೆ ಆರಿಸಿ. ಪ್ರತಿ ಕಥೆ ಕೊನೇಲಿ ದಪ್ಪ ಅಕ್ಷರದಲ್ಲಿ "ನೀತಿ" ಅಂತ ಬರೆದಿರೋ ಪುಸ್ತಕ ನಾನು ಈ ವಯಸ್ಸಿಗೆ ತರಲ್ಲ. ಕಥೆ ಮುಗಿದಾಗ ಮಗು ಸುಮ್ನೆ ಕೂತು ಏನೋ ಯೋಚ್ನೆ ಮಾಡ್ತಿರುತ್ತೆ, ಆ ಹೊತ್ತಿಗೆ ಸರಿಯಾಗಿ ನೀತಿ ಬಂದು ಆ ಯೋಚ್ನೆ ಮುರಿದು ಹಾಕುತ್ತೆ.

ಚಿತ್ರಗಳನ್ನ ಒಮ್ಮೆ ಈ ಕಣ್ಣಲ್ಲೂ ನೋಡಿ: ಕಪ್ಪಗಿರೋರೆಲ್ಲಾ ರಾಕ್ಷಸರು, ಬೆಳ್ಳಗಿರೋರೆಲ್ಲಾ ರಾಜಕುಮಾರಿ ಅಂತ ಇದ್ಯಾ, ಅಮ್ಮ ಯಾವಾಗ್ಲೂ ಒಲೆ ಮುಂದೆ ಅಪ್ಪ ಯಾವಾಗ್ಲೂ ಪೇಪರ್ ಹಿಡ್ಕೊಂಡು ಅಂತ ಇದ್ಯಾ. ಅಂಥ ಪುಸ್ತಕ ಬೇಡ, ಈಗ ಬೇರೆ ಥರದ್ದು ಬೇಕಾದಷ್ಟು ಬರ್ತಿದೆ.

ಓದುವಾಗ ಒಂದೇ ಉಸಿರಿಗೆ ಓದಿ ಮುಗಿಸಬೇಡಿ. 1988ರಲ್ಲಿ ವೈಟ್‌ಹರ್ಸ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತೆ ಅವರ ಜೊತೆಯವರು ಎರಡು ಮೂರು ವರ್ಷದ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದ್ರು, ತಂದೆತಾಯಿ ಸುಮ್ನೆ ಓದಿ ಹೇಳೋ ಬದಲು ಪ್ರಶ್ನೆ ಕೇಳ್ತಾ, ಮಗು ಹೇಳಿದ್ದಕ್ಕೆ ಇನ್ನೊಂದೆರಡು ಮಾತು ಸೇರಿಸ್ತಾ ಓದಿದ ಮಕ್ಕಳ ಮಾತು ಕೆಲವೇ ವಾರದಲ್ಲಿ ಮುಂದಕ್ಕೆ ಹೋಗಿತ್ತು. ನಾವೂ ಹಾಗೇ ಮಾಡ್ಬಹುದು, ಮಗು "ನಾಯಿ" ಅಂದ್ರೆ "ಹೌದು, ಒದ್ದೆ ನಾಯಿ, ಮೈ ಕೊಡವ್ತಿದೆ, ಯಾಕೆ ಒದ್ದೆ ಆಯ್ತೋ" ಅಂತ. ಈ ಥರ ಕೇಳೋಕೆ ಜಾಗ ಇರೋ ಚಿತ್ರದ ಪುಸ್ತಕ ಆರಿಸಿ. ನಮ್ಮ ಮಗ ಒಂದು ಆನೆ ಕಥೆ ಕೇಳ್ತಾ ಕೇಳ್ತಾ, ನಗ್ತಾ ಇರೋ ಆನೆ ಚಿತ್ರ ನೋಡಿ "ಅಮ್ಮ, ಈ ಆನೆ ಗದ್ದೆ ತುಳಿಯಲ್ವಾ?" ಅಂದ. ಅವರ ಅಜ್ಜಿ ಮನೆ ಮೂಡಿಗೆರೆ ಕಡೆ, ಅಲ್ಲಿ ಆನೆ ಬಂತು ಅಂದ್ರೆ ಮನೆಯೋರೆಲ್ಲಾ ಎದ್ದು ಕೂರೋದನ್ನ ಅವನು ನೋಡಿದಾನೆ. ಅವತ್ತು ಪುಸ್ತಕ ಅಲ್ಲಿಗೇ ನಿಂತ್ತು, ಆನೆಗೆ ಯಾಕೆ ಹಸಿವಾಗುತ್ತೆ, ಕಾಡು ಎಲ್ಲಿಗೆ ಹೋಯ್ತು ಅಂತ ಅರ್ಧ ಗಂಟೆ ಮಾತಾಯ್ತು. ಆ ಪುಸ್ತಕ ನನಗೆ ಬಹಳ ಇಷ್ಟ.

ಅಕ್ಷರದ ಪುಸ್ತಕಕ್ಕೆ ಅವಸರ ಬೇಡ. ತರೋದಾದ್ರೆ ಪದಗಳನ್ನ ನೋಡಿ, ಅಳಿಲು, ಆನೆ, ಇಲಿ, ಈರುಳ್ಳಿ ಥರ ಮಗು ಕಂಡಿರೋದು ಇರ್ಲಿ. ಙ, ಞ ಇಂದ ಶುರುವಾಗೋ ಪದ ನಮ್ಮ ದಿನದ ಮಾತಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಏನೋ ಒಂದು ಎಳೆದು ತಂದು ಹಾಕಿರೋ ಪುಸ್ತಕಕ್ಕಿಂತ ಬಿಟ್ಟಿರೋ ಪುಸ್ತಕವೇ ಮೇಲು.

ಏಳನೇ ಹೆಜ್ಜೆ: ಎಲ್ಲಿ ಹುಡುಕೋದು

ಪೇಟೆಯ ಸ್ಟೇಷನರಿ ಅಂಗಡೀಲಿ ಕಾಪಿ ಬರೆಯೋ ಪುಸ್ತಕ, ಬಣ್ಣ ತುಂಬೋ ಪುಸ್ತಕ ಬಿಟ್ರೆ ಹೆಚ್ಚು ಸಿಗಲ್ಲ. ಬೆಂಗಳೂರಿಗೆ ಹೋದಾಗ, ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಒಟ್ಟಿಗೆ ಹುಡುಕಿ. ನ್ಯಾಷನಲ್ ಬುಕ್ ಟ್ರಸ್ಟ್ 1957ರಿಂದ ಇರೋ ಸಂಸ್ಥೆ, ಅವರ ಮಕ್ಕಳ ಪುಸ್ತಕ ಕನ್ನಡದಲ್ಲೂ ಕಡಿಮೆ ಬೆಲೆಗೆ ಸಿಗುತ್ತೆ. ನವಕರ್ನಾಟಕದಲ್ಲಿ ಮಕ್ಕಳದ್ದೇ ದೊಡ್ಡ ಪಟ್ಟಿ ಇದೆ. ಚೆನ್ನೈನ ತೂಲಿಕಾದವರು ಕನ್ನಡ ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಇರೋ ಚಿತ್ರ ಪುಸ್ತಕ ಮಾಡ್ತಾರೆ, ಅಪ್ಪ ಒಂದು ಭಾಷೆ ಅಮ್ಮ ಒಂದು ಭಾಷೆ ಓದೋ ಮನೆಗೆ ಒಳ್ಳೇದು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಗಿದ್ದು, ಇವರ ಪುಸ್ತಕದ ಮೇಲೆ ಒಂದರಿಂದ ನಾಲ್ಕರ ತನಕ ಓದಿನ ಹಂತ ಹಾಕಿರ್ತಾರೆ, ಐದು ವರ್ಷದ ಒಳಗಿನೋರಿಗೆ ಒಂದನೇ ಹಂತ, ಓದಿ ಹೇಳೋದಾದ್ರೆ ಎರಡನೇದೂ ನಡೆಯುತ್ತೆ. ಇವರದೇ ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ 2015ರಲ್ಲಿ ಬಂತು, ಅಲ್ಲಿ ಕನ್ನಡ ಕಥೆಗಳನ್ನ ಪುಕ್ಕಟೆಯಾಗಿ ಇಳಿಸಿಕೊಂಡು ಪ್ರಿಂಟ್ ಹಾಕ್ಕೊಳ್ಳಬಹುದು, ಅದಕ್ಕೆ ಅನುಮತಿ ಇದೆ. ಮೊಬೈಲಲ್ಲೇ ತೋರಿಸಿಬಿಡೋಣ ಅನ್ನೋ ಮುಂಚೆ ಇದು ತಿಳಿದಿರ್ಲಿ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡು ವರ್ಷದ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದೋರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕೂತಿರೋ ಹೊತ್ತಲ್ಲಿ ದೊಡ್ಡೋರ ಜೊತೆ ಓದು, ಕಥೆ ಇರ್ಲಿ ಅಂತ ಹೇಳಿದೆ. ಅದಕ್ಕೆ ಪ್ರಿಂಟ್ ಮಾಡಿಸಿ ಕೊಡೋದೇ ಸರಿ.

ಜಿಲ್ಲಾ ಲೈಬ್ರರಿ, ನಿಮ್ಮ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ (ಪಂಚಾಯ್ತಿ ಲೈಬ್ರರಿ) ಎರಡಕ್ಕೂ ಒಮ್ಮೆ ಮಗೂನ ಕರ್ಕೊಂಡು ಹೋಗಿ. ಎಳೆ ಮಕ್ಕಳ ಪುಸ್ತಕ ಇಲ್ಲಾಂದ್ರೆ ಕೇಳಿ, ಬೇಕು ಅಂತ ಬರೆದು ಕೊಡಿ. ಕೇಳೋರು ಇದ್ರೆ ತಾನೇ ತರಿಸೋದು.

ಎಂಟನೇ ಹೆಜ್ಜೆ: ನಮ್ಮ ಮಳೆಗಾಲದಿಂದ ಕಾಪಾಡೋದು

ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಉಪ್ಪೇ ನೀರಾಗುತ್ತೆ, ಇನ್ನು ಪುಸ್ತಕ ಬೂಷ್ಟು ಹಿಡಿಯದೆ ಇರುತ್ತಾ. ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಬಿಟ್ಟು ಇಡಿ, ಬೀರುವಿನ ಒಳಗೆ ಒತ್ತೊತ್ತಾಗಿ ತುಂಬಬೇಡಿ. ಬೂಷ್ಟು ಕಂಡ್ರೆ ಮನೆ ಹೊರಗೆ ಒಣ ಬಟ್ಟೇಲಿ ಒರೆಸಿ, ಬಿಸಿಲು ಬಂದ ದಿನ ಪುಟ ಬಿಡಿಸಿ ನಿಲ್ಲಿಸಿ, ಬಿಸಿಲೇ ಇಲ್ಲಾಂದ್ರೆ ಬಚ್ಚಲ ಒಲೆಯಿಂದ ದೂರದಲ್ಲಿ ಬೆಚ್ಚಗಿರೋ ಕಡೆ ಇಡಿ. ಒಳಗೆಲ್ಲಾ ಕಪ್ಪು ಚುಕ್ಕೆ ಹರಡಿದ್ರೆ ಆ ಪುಸ್ತಕ ಎಳೆ ಮಗುವಿಗೆ ಬೇಡ. ನುಸಿಗುಳಿಗೆ ಮಾತ್ರ ಮಕ್ಕಳ ಪುಸ್ತಕದ ಹತ್ರ ಇಡ್ಲೇಬೇಡಿ, ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕ್ಕೊಂಡ್ರೆ ವಿಷ. ಒಣಗಿಸಿದ ಬೇವಿನ ಸೊಪ್ಪು ಬಟ್ಟೇಲಿ ಕಟ್ಟಿ ಮೇಲಿನ ಹಲಗೇಲಿ ಇಟ್ರೆ ಸಾಕು.

ಎಲ್ಲಾ ಪುಸ್ತಕ ಒಟ್ಟಿಗೆ ಹರಡಬೇಡಿ. ಐದಾರು ಪುಸ್ತಕ ಮುಖಪುಟ ಕಾಣೋ ಹಾಗೆ ಮಗುವಿನ ಕೈಗೆ ಎಟುಕೋ ಬುಟ್ಟೀಲಿ ಇಡಿ, ಉಳಿದಿದ್ದು ಎತ್ತಿಡಿ, ಹದಿನೈದು ದಿನಕ್ಕೆ ಬದಲಾಯಿಸಿ. ಹರಿದಿರೋದನ್ನ ಮಗುವಿನ ಮುಂದೇನೇ ಟೇಪ್ ಹಾಕಿ ಸರಿಮಾಡಿ, ಎರಡು ವರ್ಷ ದಾಟಿದ ಮಗು ಟೇಪ್ ಹಿಡ್ಕೊಂಡು ಸಹಾಯ ಮಾಡುತ್ತೆ. ಅಕ್ಕನ ಮಗಳಿಗೆ ನಾನು ನಿನ್ನೆ ಕಳಿಸಿದ್ದು ಆ ಕಪ್ಪು ಬಿಳುಪಿನ ರಂಗೋಲಿ ಪುಸ್ತಕವನ್ನೇ, ಅಂಚೆಲ್ಲಾ ಮಗಳ ಹಲ್ಲಿನ ಗುರುತು ಇತ್ತು, ಹೊಸ ಹಾಳೇಲಿ ಇನ್ನೊಂದು ಮಾಡ್ಕೊಡ್ಲಾ ಅಂದೆ, "ಬೇಡ ಚಿಕ್ಕಮ್ಮ, ಇದನ್ನೇ ನೋಡ್ತಿದಾನೆ" ಅಂತ ಫೋಟೋ ಕಳಿಸಿದಾಳೆ.